ಲೆಕ್ಕದ ಗ್ರೂಪಿಗೊಂದು ಜೊತೆ ಬೇಕಾಗಿದೆ

ಮೂರು ವರ್ಷದ ಹಿಂದಿನ ಬೇಸಿಗೆ. ಮಡಕಶಿರದ ಬಸ್ ಸ್ಟ್ಯಾಂಡಿನ ಹಿಂದಿನ ಸಂದಿಯಲ್ಲಿ, ರೇಷ್ಮೆಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆ ತಟ್ಟಿಗಳನ್ನು ಒಟ್ಟಿದ್ದ ಗೋದಾಮಿನ ಮೇಲಿನ ಕೋಣೆಯಲ್ಲಿ ನಾನು ಟ್ಯೂಷನ್ ನಡೆಸುತ್ತಿದ್ದೆ. ಟೀಚರ್ ಅನ್ನುವ ಹುದ್ದೆಯನ್ನು ನನಗೆ ಯಾರೂ ಕೊಟ್ಟಿರಲಿಲ್ಲ, ನಾನೇ ತಗೊಂಡಿದ್ದೆ. ಡಿಗ್ರಿ ದೂರಶಿಕ್ಷಣದ್ದು. ಕಂಪ್ಯೂಟರ್ ಕಲಿತದ್ದು ಫೋನಿನಲ್ಲಿ ವೀಡಿಯೊ ನೋಡಿ. ಇಂಗ್ಲಿಷ್ ಬಂದದ್ದು ಹಳೇ ಪೇಪರುಗಳನ್ನು ಗೋಡೆಗೆ ಮುಖ ಮಾಡಿ ಜೋರಾಗಿ ಓದಿ. ಒಂದು ದಿನವೂ ಕಾಲೇಜಿನ ಬೆಂಚಿನ ಮೇಲೆ ಕೂರದ ನಾನು, ಹತ್ತನೇ ತರಗತಿ ಮುಗಿಸಿದವರಿಗೆ ಕಾಲೇಜಿಗೆ ತಯಾರಾಗುವುದು ಹೇಗೆ ಅಂತ ಬೇಸಿಗೆ ಕ್ಲಾಸು ಮಾಡುತ್ತಿದ್ದೆ. ನಗುವವರು ನಗಬಹುದು, ಊರಲ್ಲಿ ಬೇಕಾದಷ್ಟು ಜನ ನಕ್ಕಿದ್ದಾರೆ.

ಆದರೆ ಆ ಕ್ಲಾಸು ಬೇಕಿತ್ತು. ಆಂಧ್ರದ ಗಡಿಯೊಳಗಿನ ನಮ್ಮ ಕಡೆಯ ಎಷ್ಟೋ ಮಕ್ಕಳು ಹತ್ತರವರೆಗೆ ಕನ್ನಡ ಮಾಧ್ಯಮ. ಆಮೇಲೆ ಇಂಟರ್, ಅಂದರೆ ಕಾಲೇಜಿನ ಮೊದಲ ಎರಡು ವರ್ಷ. ಅಲ್ಲಿ ಪುಸ್ತಕ ಇಂಗ್ಲಿಷಿನದು, ಲೆಕ್ಚರರ್ ವಿವರಿಸುವುದು ತೆಲುಗಿನಲ್ಲಿ, ಕೂತ ಹುಡುಗಿಯ ತಲೆ ಓಡುವುದು ಕನ್ನಡದಲ್ಲಿ. ಸಂತೆಯಲ್ಲಿ ತೆಲುಗು ಮಾತಾಡಿ ಬೆಳೆದವರೇ ನಾವೆಲ್ಲ. ಆದರೆ ಸೌತೆಕಾಯಿ ಚೌಕಾಸಿ ಮಾಡುವ ತೆಲುಗೇ ಬೇರೆ, ತ್ರಿಕೋನಮಿತಿಯ ತೆಲುಗೇ ಬೇರೆ. ಹಾಗಾಗಿ ನಾನು ಇಂಗ್ಲಿಷ್ ಪದಗಳನ್ನು ಓದಿಸುತ್ತಿದ್ದೆ, ಪಾಠ ಕೇಳುತ್ತಾ ನೋಟ್ಸ್ ಬರೆಯುವುದನ್ನು ಕಲಿಸುತ್ತಿದ್ದೆ, 'ಸರ್, ಇನ್ನೊಂದ್ಸಲ ಹೇಳಿ' ಅಂತ ಎದ್ದು ನಿಂತು ಕೇಳುವುದನ್ನು ನಾಟಕ ಮಾಡಿಸುತ್ತಿದ್ದೆ. ಬಟ್ಟೆ ಒಗೆಯುವುದರಿಂದ ಹಿಡಿದು ಬ್ಯಾಂಕಿಗೆ ಹೋಗುವವರೆಗೆ ಎಲ್ಲ ಇತ್ತು ನನ್ನ ಪಾಠದಲ್ಲಿ. ಎಲ್ಲ ಇದೆ ಅಂತ ನಾನು ತಿಳಿದುಕೊಂಡಿದ್ದೆ.

ಆ ವರ್ಷದ ಕ್ಲಾಸಿನಲ್ಲಿ ಪವಿತ್ರ ಇದ್ದಳು. ಟೈಲರ್ ಗಂಗಾಧರಪ್ಪನವರ ಮಗಳು. ಮದುವೆ ಸೀಜನ್ ಬಂತೆಂದರೆ ಸ್ಕೂಲಿಂದ ಬಂದವಳು ರವಿಕೆಗಳಿಗೆ ಹುಕ್ಸು ಹಾಕುತ್ತಾ, ಹೆಮ್ಮಿಂಗ್ ಮಾಡುತ್ತಾ ಕೂರಬೇಕು. ಪುಸ್ತಕ ತೊಡೆಯ ಮೇಲೆ, ಅದರ ಮೇಲೆ ಯಾರದೋ ಮದುವೆಯ ರೇಷ್ಮೆ ರವಿಕೆ. ಲೆಕ್ಕ ಅಂದರೆ ಅವಳಿಗೆ ಪ್ರಾಣ. ನಾನು ಬೋರ್ಡಿನ ಮೇಲೆ ಬರೆಯುವುದರೊಳಗೆ ಉತ್ತರ ಹೇಳಿ, 'ಸಾರಿ ಅಕ್ಕ' ಅಂತ ಬೇರೆ ಸೇರಿಸುತ್ತಿದ್ದಳು. ಅನಂತಪುರದ ಹೆಣ್ಣುಮಕ್ಕಳ ಜೂನಿಯರ್ ಕಾಲೇಜೊಂದರಲ್ಲಿ ಎಂಪಿಸಿ ಗ್ರೂಪು, ಅಂದರೆ ಲೆಕ್ಕ, ಫಿಸಿಕ್ಸ್, ಕೆಮಿಸ್ಟ್ರಿ ಓದಬೇಕು, ಹಾಸ್ಟೆಲಿನಲ್ಲಿ ಇರಬೇಕು. ಇದು ಅವಳ ಆಸೆ. ಮಾರ್ಕ್ಸೂ ಸಾಕಷ್ಟಿತ್ತು. ನನ್ನ ಲೆಕ್ಕದಲ್ಲಿ ಕೆಲಸ ಮುಗಿದಿತ್ತು.

ಅವರ ಮನೆಯ ಲೆಕ್ಕದಲ್ಲಿ ಶುರುವೇ ಆಗಿರಲಿಲ್ಲ. ನಮ್ಮೂರಲ್ಲಿ ಹೆಣ್ಣುಮಗಳು ಹೊರಗೆ ಹೊರಟರೆ ಎಲ್ಲಿಗೆ, ಯಾಕೆ ಅನ್ನುವ ಪ್ರಶ್ನೆ ಎರಡನೆಯದು. ಮೊದಲನೆಯದು: ಜೊತೆಗೆ ಯಾರು? ಅಂಗಡಿಗಾದರೂ ಅಷ್ಟೇ, ಆಸ್ಪತ್ರೆಗಾದರೂ ಅಷ್ಟೇ. ಕಾಲೇಜಿಗೂ ಅಷ್ಟೇ ಅನ್ನುವುದು ನನ್ನ ತಲೆಗೆ ಹೊಳೆದಿರಲಿಲ್ಲ. ಪವಿತ್ರಳ ಚಿಕ್ಕಪ್ಪನ ಮಗಳು ಲಾವಣ್ಯಳೂ ಅದೇ ಕಾಲೇಜಿಗೆ ಹೊರಟಿದ್ದಳು, ಆದರೆ ಸಿಇಸಿಗೆ. ಅದು ಸಿವಿಕ್ಸ್, ಎಕನಾಮಿಕ್ಸ್, ಕಾಮರ್ಸ್ ಇರುವ ಗ್ರೂಪು. ಹಾಗಾದರೆ ಪವಿತ್ರಳೂ ಸಿಇಸಿಗೇ ಅಂತ ತೀರ್ಮಾನವಾಯಿತು. ಹುಡುಗಿ ಅತ್ತುಕೊಂಡು ನನ್ನ ಹತ್ತಿರ ಬಂದಳು. ನಾನು ನೇರ ಗಂಗಾಧರಪ್ಪನವರ ಅಂಗಡಿಗೆ ಹೋದೆ.

"ಅಣ್ಣ, ಹಾಸ್ಟೆಲ್‌ನಾಗೆ ಇಬ್ರೂ ಒಂದೇ ರೂಮ್‌ನಾಗೆ ಇರ್ತಾರೆ. ಕ್ಲಾಸ್ ಮಾತ್ರ ಬೇರೆ."

ಅವರು ಮೆಷೀನ್ ತುಳಿಯುವುದನ್ನು ನಿಲ್ಲಿಸಲಿಲ್ಲ. "ಕ್ಲಾಸ್‌ನಾಗೆ ಜೊತೆಗೆ ಯಾರವ್ರೆ?"

"ಕ್ಲಾಸ್ ತುಂಬಾ ಹುಡ್ಗೀರೇ ಇರ್ತಾರಲ್ಲಣ್ಣ!"

"ಅವ್ರು ಯಾರೋ ಏನೋ. ಜೊತೆ ಅಂದ್ರೆ ನಮ್ಮೋರು ಕಣಮ್ಮ ಮಂಜುಳಾ."

"ಬೆಂಚಿನ ಮೇಲೆ ಕೂರಕ್ಕೂ ನಮ್ಮೋರು ಬೇಕಾ?"

"ಅಷ್ಟು ಅಕ್ಕರೆ ಇದ್ರೆ ನೀನೇ ಓಗಿ ಅವಳ ಪಕ್ಕ ಕುಂತ್ಕ. ನೀನೂ ಒಂದ್ ಸಾರಿ ಕಾಲೇಜ್ ನೋಡ್ದಂಗಾಯ್ತದೆ."

ಅಂಗಡಿಯಲ್ಲಿ ಅಳತೆ ಕೊಡಲು ಬಂದಿದ್ದ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಕ್ಕರು.

ಸರಿ, ಜೊತೆ ತಾನೇ ಬೇಕು, ಹುಡುಕಿಯೇ ಬಿಡೋಣ ಅಂತ ಸ್ಕೂಟಿ ಹತ್ತಿದೆ. ಅಮರಾಪುರದ ಹತ್ತಿರ ಒಂದು ಹುಡುಗಿಗೂ ಎಂಪಿಸಿ ಆಸೆ ಇದೆಯೆಂದು ಗೊತ್ತಾಗಿತ್ತು. ಅವರ ಮನೆ ಅಂಗಳದಲ್ಲಿ ಅವಳ ತಾಯಿ ಕಡಲೆಕಾಯಿ ಸುಲಿಯುತ್ತಾ ಕೂತಿದ್ದರು.

"ನಮ್ ಹುಡ್ಗಿಗೆ ಜೊತೆಗೆ ಯಾರು?" ಅಂದರು.

"ಪವಿತ್ರ, ನಮ್ಮೂರ್ ಟೈಲರ್ ಮಗಳು."

"ಅವಳು ಸೇರವ್ಳಾ?"

"ನಿಮ್ ಹುಡ್ಗಿ ಸೇರಿದ್ರೆ ಸೇರ್ತಾಳೆ."

"ಅಂಗಾರೆ ಅವ್ಳು ಮೊದ್ಲು ಸೇರ್ಲಿ. ಆಮ್ಯಾಕೆ ನಾವು ನೋಡ್ತೀವಿ."

ಗಂಗಾಧರಪ್ಪನವರ ಹತ್ತಿರ ವಾಪಸ್ ಬಂದರೆ ಅವರೂ ಅದನ್ನೇ ಹೇಳಿದರು: ಅವ್ರು ಮೊದ್ಲು ಸೇರ್ಲಿ. ಬಿಸಿಲಲ್ಲಿ ಮಡಕಶಿರದಿಂದ ಅಮರಾಪುರಕ್ಕೆ, ಅಮರಾಪುರದಿಂದ ಮಡಕಶಿರಕ್ಕೆ ಇದೇ ಮಾತು ಹೊತ್ತು ತಿರುಗಿ ನನ್ನ ಸ್ಕೂಟಿಗೂ ನನಗೂ ಒಟ್ಟಿಗೆ ಕಾವು ಏರಿತು. ಕೊನೆಗೆ ಆ ಹುಡುಗಿಯನ್ನು ಅವಳ ಸೋದರತ್ತೆಯ ಊರಿನ ಯಾವುದೋ ಕಾಲೇಜಿಗೆ ಸೇರಿಸಿದರು. ಅಲ್ಲಿ ಅತ್ತೆಯ ಮಗಳಿದ್ದಳಂತೆ.

ಆಮೇಲೆ ಗಂಗಾಧರಪ್ಪನವರ ಮನೆಯ ಹಿರಿಯರೆಲ್ಲ ಕೂತು ಒಂದು ಪರಿಹಾರ ಕಂಡುಹಿಡಿದರು. ಪವಿತ್ರ ಅಳುತ್ತಿದ್ದಾಳಲ್ಲ, ಲಾವಣ್ಯಳೇ ಎಂಪಿಸಿ ತಗೊಳ್ಳಲಿ! ಮಾರನೇ ದಿನ ಲಾವಣ್ಯ ನನ್ನ ಕ್ಲಾಸಿನ ಬಾಗಿಲಲ್ಲಿ ನಿಂತಿದ್ದಳು.

"ಅಕ್ಕ, ನಂಗೆ ಲೆಕ್ಕ ಅಂದ್ರೆ ಜ್ವರ ಬತ್ತೈತೆ."

"ಮನೇಲಿ ಹೇಳ್ಬೇಕಾಗಿತ್ತಲ್ಲೇ!"

"ಹೇಳ್ದೆ. ದೊಡ್ಡಪ್ಪ 'ಪವಿತ್ರ ಪಕ್ಕದಾಗೇ ಇರ್ತಾಳಲ್ಲ, ನೋಡ್ಕಂಡು ಬರಿ' ಅಂದ್ರು."

ಎರಡು ವರ್ಷ ಒಬ್ಬಳ ಪಕ್ಕ ಕೂರುವುದಕ್ಕಾಗಿ ಬಾರದ ವಿಷಯ ಓದಬೇಕು. ನಾನು ಮತ್ತೆ ಅಂಗಡಿಗೆ ಹೋಗಿ ಕೂಗಾಡಿದೆ. ಗಂಗಾಧರಪ್ಪನವರು ಹಲ್ಲಿನಲ್ಲಿ ದಾರ ಕಚ್ಚಿಕೊಂಡೇ, "ನೀನ್ ಕೇಳಿದ್ದು ಲೆಕ್ಕ, ಕೊಟ್ಟಿವ್ನಲ್ಲ. ಇನ್ನೇನಮ್ಮ ನಿಂದು?" ಅಂದರು. ಉತ್ತರ ಗೊತ್ತಿತ್ತು, ಕೇಳಿಸಿಕೊಳ್ಳುವವರು ಇರಲಿಲ್ಲ.

ಕಾಲೇಜು ಶುರುವಾಯಿತು. ಪವಿತ್ರ ಭಾನುವಾರ ಫೋನ್ ಮಾಡುತ್ತಿದ್ದಳು. ಲಾವಣ್ಯಳಿಗೆ ಮುಂದೆ ಕೂರಲು ಭಯ, ಹಾಗಾಗಿ ಇಬ್ಬರೂ ಕೊನೇ ಬೆಂಚು. ಪವಿತ್ರ ಡೌಟು ಕೇಳಲು ಎದ್ದರೆ, ಸರ್ ನನ್ನನ್ನೂ ನೋಡುತ್ತಾರೆ ಅಂತ ಲಾವಣ್ಯ ಅವಳ ಲಂಗ ಹಿಡಿದು ಕೂರಿಸುತ್ತಿದ್ದಳು. ನಾನು ಬೇಸಿಗೆಯೆಲ್ಲ ನಾಟಕ ಮಾಡಿಸಿದ 'ಸರ್, ಇನ್ನೊಂದ್ಸಲ ಹೇಳಿ' ಕೊನೇ ಬೆಂಚಿನಲ್ಲಿ ಸತ್ತುಹೋಗುತ್ತಿತ್ತು. ತಿಂಗಳು ತುಂಬುವ ಮೊದಲೇ ಲಾವಣ್ಯಳಿಗೆ ನಿಜವಾಗಿಯೂ ಜ್ವರ ಬಂತು. ಊರಿಗೆ ಬಂದಳು. ಜ್ವರ ಬಿಟ್ಟಿತು, ಅವಳು ವಾಪಸ್ ಹೋಗಲಿಲ್ಲ. ಊರಿನ ಕಾಲೇಜಿನಲ್ಲಿ ಸಿಇಸಿ ಸೇರಿ ನಗುನಗುತ್ತಾ ಓಡಾಡತೊಡಗಿದಳು. ಅವಳ ವಿಷಯ ಅಲ್ಲಿಗೆ ಸರಿಹೋಯಿತು.

ಪವಿತ್ರಳ ವಿಷಯ ಕೆಟ್ಟಿತು. "ಜೊತೆ ಓಯ್ತಲ್ಲ, ಭಾನ್ವಾರ ಓಗಿ ಕರ್ಕಂಡ್ ಬತ್ತೀನಿ" ಅಂದರು ಗಂಗಾಧರಪ್ಪ. ನಾನೂ ಬರುತ್ತೇನೆ ಅಂತ ಹಟ ಹಿಡಿದೆ. ಬಸ್ಸಿನಲ್ಲಿ ಅವರ ಕಂಕುಳಲ್ಲಿ ಮಡಿಚಿದ ಖಾಲಿ ಏರ್‌ಬ್ಯಾಗ್ ಇತ್ತು, ಮಗಳ ಬಟ್ಟೆಬರೆ ತುಂಬಿಕೊಂಡು ಬರುವುದಕ್ಕೆ. ಪೆನುಕೊಂಡ ದಾಟುವವರೆಗೂ ನಾನು ಬಿಡಲಿಲ್ಲ. ಅವಳ ಬುದ್ಧಿ ಎಂಥದ್ದು, ಮುಂದೆ ಇಂಜಿನಿಯರಿಂಗ್ ಇದೆ, ಊರಿನ ಕಾಲೇಜಿನಲ್ಲಿ ಎಂಪಿಸಿ ಸೀಟು ಉಳಿದಿಲ್ಲ, ವರ್ಷ ಹಾಳಾಗುತ್ತದೆ, ಇಡೀ ಹಾಸ್ಟೆಲಿಗೆ ವಾರ್ಡನ್ ಇದ್ದಾರೆ. ಅವರು ಕಿಟಕಿ ಕಡೆ ನೋಡುತ್ತಾ, "ಊಟಕ್ಕೆ ಎಲ್ಲಿ ನಿಲ್ಲಿಸ್ತಾನೋ ಇವ್ನು" ಅಂದರು.

ಹಾಸ್ಟೆಲಿನ ವರಾಂಡದಲ್ಲಿ ಅಪ್ಪ ಅಮ್ಮಂದಿರು ತುಂಬಿದ್ದರು. ಪವಿತ್ರ ಹೊರಗೆ ಬಂದಳು. ಅವಳ ತೋಳು ಹಿಡಿದುಕೊಂಡು ಇನ್ನೊಂದು ತೆಳ್ಳನೆಯ ಹುಡುಗಿ. ಅಪ್ಪನ ಕಂಕುಳಿನ ಖಾಲಿ ಬ್ಯಾಗು ನೋಡಿದ್ದೇ ಪವಿತ್ರಳ ಮುಖ ಬಿಳಿಚಿಕೊಂಡಿತು. ಅವಳು ಬಾಯಿ ತೆರೆಯುವ ಮೊದಲೇ ಪಕ್ಕದಲ್ಲಿ ಮಂಡಕ್ಕಿ ಡಬ್ಬಿ ಹಿಡಿದು ಕೂತಿದ್ದ ಒಬ್ಬರು ಎದ್ದು ಬಂದರು.

"ನೀವಾ ಪವಿತ್ರನ ತಂದಿ? ಬರ್ರಿ, ಬರ್ರಿ, ಕುಂದರ್ರಿ. ನಿಮ್ಮನ್ನ ನೋಡ್ಬೇಕು ಅಂತಿದ್ದೆ. ನಾನು ತಿಪ್ಪೇಸ್ವಾಮಿ, ರಾಯದುರ್ಗದಾಗ ಜೀನ್ಸ್ ಪ್ಯಾಂಟ್ ಹೊಲಿತೀನ್ರಿ. ಈಕಿ ನನ್ನ ಮಗಳು ಶಿವಲೀಲಾ."

ಗಂಗಾಧರಪ್ಪ ಕೂತರು. ತಿಪ್ಪೇಸ್ವಾಮಿ ಅವರ ಕೈಗೆ ಒಗ್ಗರಣೆ ಮಂಡಕ್ಕಿ ಹಾಕುತ್ತಾ ಮಾತಾಡುತ್ತಲೇ ಇದ್ದರು.

"ಈಕಿಗೆ ತಡವಾಗಿ ಸೀಟ್ ಸಿಕ್ತ್ರಿ. ನಿಮ್ಮ ಹುಡುಗಿ ಪಕ್ಕದ ಮಂಚ ಖಾಲಿ ಇತ್ತಂತ, ಅದನ್ನ ಕೊಟ್ರು. ಹೋದ ವಾರ ಫೋನಿನಾಗ ಒಂದಾ ಸಮನ ಅಳಾಕ ಹತ್ತಿದ್ಲು. ಕರ್ಕೊಂಡು ಹೋಗಾಕಂತಾನ ಬಂದಿದ್ದೆ. ನಿಮ್ಮ ಪವಿತ್ರ ಬಂದು, ನಾನಿದೀನಲ್ಲ ಮಾಮ, ನೀವ್ ಓಗ್ರಿ ಅಂದ್ಲು. ಯಾರ ಮಗಳವ್ವ ನೀನು ಅಂತ ಕೇಳ್ದೆ. ಟೈಲರ್ ಗಂಗಾಧರಪ್ಪನ ಮಗಳು ಅಂದ್ಲು. ಟೈಲರ್ ಮಗಳು ಅಂದ್ರ ನಮ್ಮ ಪೈಕಿನ ಆತಲ್ರಿ! ನಿಮ್ಮ ಹುಡುಗಿ ಜೊತಿಗೆ ಅದಾಳ ಅನ್ನೋ ಒಂದಾ ಧೈರ್ಯದ ಮ್ಯಾಲೆ ಬಿಟ್ಟು ಹೋದೆ. ಈಗ ಇಬ್ರೂ ಮುಂದಿನ ಬೆಂಚಿನಾಗ ಕುಂದರ್ತಾರಂತ."

ಗಂಗಾಧರಪ್ಪನವರ ಕೈ ಮಂಡಕ್ಕಿಯಲ್ಲೇ ನಿಂತಿತು. ಶಿವಲೀಲಾ ಇನ್ನೂ ಪವಿತ್ರಳ ತೋಳು ಬಿಟ್ಟಿರಲಿಲ್ಲ.

"ಖಾಲಿ ಬ್ಯಾಗ್ ಯಾಕ ತಂದೀರಿ ಅಣ್ಣಾರ?" ಅಂದರು ತಿಪ್ಪೇಸ್ವಾಮಿ.

ಗಂಗಾಧರಪ್ಪ ಬ್ಯಾಗ್ ನೋಡಿದರು, ಮಗಳನ್ನು ನೋಡಿದರು, ನನ್ನ ಕಡೆ ಮಾತ್ರ ನೋಡಲಿಲ್ಲ. "ಅದಾ... ಹರಿದಿರೋ ಬಟ್ಟೆಗಿಟ್ಟೆ ಇದ್ರೆ ತಗಂಡೋಗಿ ಹೊಲ್ದು ತರಾನ ಅಂತ." ಆಮೇಲೆ ಶಿವಲೀಲಾಳ ಚೂಡಿದಾರದ ತೋಳಿನ ಕಡೆ ಬೆರಳು ಮಾಡಿದರು. "ಇದೇನಮ್ಮ, ಹೊಲಿಗೆ ಬಿಟ್ಟೋಗೈತೆ. ಊರೋರ್ ಪ್ಯಾಂಟ್ ಹೊಲಿಯೋ ನಿಮ್ಮಪ್ಪಂಗೆ ಮಗಳ ತೋಳು ಕಾಣ್ಲಿಲ್ವಾ?"

"ಜೀನ್ಸಿನ ದಾರ ಹಾಕಿದ್ರ ಆಕಿ ಕೈ ಎತ್ತಾಕ ಬರಂಗಿಲ್ರಿ!" ಅಂತ ತಿಪ್ಪೇಸ್ವಾಮಿ ನಕ್ಕರು.

"ಏನ್ ನೋಡ್ತಾ ನಿಂತೆ?" ಅಂತ ಗಂಗಾಧರಪ್ಪ ಮಗಳನ್ನು ಗದರಿದರು. "ನಿಂದೂ ಅವಳ್ದೂ ಹರಿದಿರೋದೆಲ್ಲ ತಗಂಬಾ ಓಗು."

ಪವಿತ್ರ ಓಡಿದಳು. ಶಿವಲೀಲಾಳೂ ಹಿಂದೆಯೇ ಓಡಿದಳು.

ವಾಪಸ್ ಬಸ್ಸಿನಲ್ಲಿ ಬ್ಯಾಗು ತುಂಬಿತ್ತು. ನನ್ನಿಂದ ತಡೆದುಕೊಳ್ಳಲಾಗಲಿಲ್ಲ.

"ಮತ್ಯಾಕಣ್ಣ ಕರ್ಕೊಂಡ್ ಬರ್ಲಿಲ್ಲ?"

ಅವರು ನನ್ನನ್ನು ಏನೂ ತಿಳಿಯದವಳನ್ನು ನೋಡುವಂತೆ ನೋಡಿದರು. "ಅದೆಂಗಮ್ಮ ಕರ್ಕಂಡ್ ಬರ್ಲಿ? ಆ ಹುಡ್ಗಿ ಒಂಟಿ ಆಗಲ್ವಾ? ಅಷ್ಟೂ ತಿಳಿಯಾಕಿಲ್ವಾ ನಿಂಗೆ? ಟೀಚರಂತೆ."

ಬೇಸಿಗೆಯೆಲ್ಲ ಗಂಟಲು ಹರಿದುಕೊಂಡೆ, ಸ್ಕೂಟಿ ಓಡಿಸಿದೆ, ಬಸ್ಸಿನಲ್ಲಿ ಭಾಷಣ ಮಾಡಿದೆ. ಯಾವುದೂ ಅವರ ಚರ್ಮಕ್ಕೂ ತಾಗಲಿಲ್ಲ. ರಾಯದುರ್ಗದ ಇನ್ನೊಬ್ಬ ಟೈಲರ್ ಬಂದು, ನಿಮ್ಮ ಮಗಳೇ ನಮ್ಮವಳಿಗೆ ಜೊತೆ ಅಂದರು, ಮುಗಿಯಿತು. ಪವಿತ್ರ ಎಂಪಿಸಿ ಮುಗಿಸಿ ಈಗ ಇಂಜಿನಿಯರಿಂಗ್ ಓದುತ್ತಿದ್ದಾಳೆ. ಗಂಗಾಧರಪ್ಪನವರು ಅಂಗಡಿಗೆ ಬಂದವರಿಗೆಲ್ಲ, ಹುಡುಗಿಯನ್ನು ಧೈರ್ಯವಾಗಿ ಒಬ್ಬಳನ್ನೇ ಕಳಿಸಬೇಕು, ನಾನು ಕಳಿಸಲಿಲ್ಲವೇ ಅಂತ ಬುದ್ಧಿ ಹೇಳುತ್ತಾರೆ. ನಾನು ಅಲ್ಲಿಂದ ಎದ್ದು ಬರುತ್ತೇನೆ.

ಹತ್ತನೇ ತರಗತಿ ಮುಗಿಸಿದವರೇ, ಇಂಗ್ಲಿಷ್ ಪದ ಕಲಿಯಿರಿ, ನೋಟ್ಸ್ ಬರೆಯುವುದು ಕಲಿಯಿರಿ, ಎಲ್ಲ ಬೇಕು. ಆದರೆ ಜೊತೆಗೆ ಯಾರಿದ್ದಾರೆಂದು ನೋಡಿ ಗ್ರೂಪು ತಗೋಬೇಡಿ. ಲಾವಣ್ಯಳ ತಿಂಗಳು ಹಾಳಾದದ್ದೂ ಪವಿತ್ರಳ ವರ್ಷ ಹಾಳಾಗಲಿದ್ದದ್ದೂ ಅದರಿಂದಲೇ. ನನ್ನ ಕೆಲಸ ನನಗೆ ಕಲಿಸಿದ್ದು ಇಷ್ಟು: ಪ್ರಶ್ನೆಯೇ ತಪ್ಪು ಅಂತ ಮನೆಯವರ ಜೊತೆ ವಾದಿಸಿ ಸುಸ್ತಾಗುವುದಕ್ಕಿಂತ, ಅದೇ ಪ್ರಶ್ನೆಗೆ ಒಂದು ಉತ್ತರ ಇಟ್ಟುಕೊಂಡು ಹೋಗುವುದು ಮೇಲು.

ಈ ವರ್ಷವೂ ಮೊದಲ ದಿನವೇ ಒಬ್ಬ ತಾಯಿ ಮೆಟ್ಟಿಲು ಹತ್ತಿ ಬಂದು ಕೇಳಿದರು: "ನಮ್ ಹುಡ್ಗಿಗೆ ಅಲ್ಲಿ ಜೊತೆಗೆ ಯಾರವ್ರೆ?"

"ಅಲ್ಲೊಬ್ಳು ಅಳ್ತಾ ಕುಂತವ್ಳೆ ಅಮ್ಮ. ನಿಮ್ ಹುಡ್ಗಿ ಓಗ್ದಿದ್ರೆ ಅವ್ಳು ಒಂಟಿ."

"ಅಯ್ಯೋ ಪಾಪ. ಯಾರವ್ಳು?"

"ಓಗಿ ನೋಡಿದ್ರೆ ಗೊತ್ತಾಯ್ತದೆ" ಅಂದೆ.