ಸಂಬಳದ ವಲಸೆ

ಮಳೆಯೆಂಬುದು ವರ್ಷಕ್ಕೊಂದೆರಡು ಸಲ ಬಂದು ಮುಖ ತೋರಿಸಿ ಹೋಗುವ ಈ ದೋಹಾ ಪಟ್ಟಣದಲ್ಲಿ, ಅಲ್ ಮನ್ಸೂರಾದ ನಮ್ಮ ಪುಟ್ಟ ಫ್ಲ್ಯಾಟಿನ ಬಾಗಿಲ ಹಿಂದೆ ಒಂದು ಕಾಲಕ್ಕೆ ಕೊಡೆಗಳಿಗೆ ಬರವಿರಲಿಲ್ಲ. ಒಂದೊಂದರ ಮೇಲೂ ಒಂದೊಂದು ಬ್ಯಾಂಕಿನ ಲಾಂಛನ. ಮರಳುಗಾಡಿನಲ್ಲಿ ಕೊಡೆ ದಾನ ಮಾಡುವ ಈ ಔದಾರ್ಯದ ಹಿಂದಿನ ತರ್ಕ ನನಗೆ ಇಂದಿಗೂ ಹೊಳೆದಿಲ್ಲ. ಆದರೆ ಬಿಟ್ಟಿ ಬಂದದ್ದನ್ನು ಬೇಡವೆನ್ನುವಷ್ಟು ವೈರಾಗ್ಯವೂ ಸಿದ್ಧಿಸಿಲ್ಲವಾದ್ದರಿಂದ, ಕೊಟ್ಟವರ ಮನಸ್ಸು ನೋಯದಿರಲೆಂದು ಎಲ್ಲವನ್ನೂ ಮನೆಗೆ ತಂದಿದ್ದೆ.

ಕೊಡೆ ನೆಪಮಾತ್ರ ಬಿಡಿ, ಅದು ಊಟದ ಕೊನೆಯ ವೀಳ್ಯದೆಲೆಯಂತೆ. ಭೋಜನವೆಂದರೆ ಬೋನಸ್ಸು. ಇಲ್ಲಿಯ ಬ್ಯಾಂಕುಗಳಿಗೆ ನಮ್ಮ ಮೇಲೆ ಪ್ರೀತಿ ಉಕ್ಕುವುದು ನಮ್ಮ ಸಂಬಳ ಇನ್ನೊಂದು ಬ್ಯಾಂಕಿಗೆ ಜಮೆಯಾಗುತ್ತಿದೆಯೆಂದು ತಿಳಿದಾಗ. ಆಗ ಫೋನಿನ ಮೇಲೆ ಫೋನು, ಸವಿನುಡಿಯ ಮೇಲೆ ಸವಿನುಡಿ. ಸಂಬಳವನ್ನು ತಮ್ಮಲ್ಲಿಗೆ ತಿರುಗಿಸಿ ಎರಡು ಮೂರು ತಿಂಗಳು ಇದ್ದರೆ ಸಾಕು, ಬೋನಸ್ಸು ಖಾತೆಗೆ ಬಂದು ಬೀಳುತ್ತದೆ. ಬಿದ್ದ ಮೇಲೆ ನೀವು ಯಾರೋ, ಅವರು ಯಾರೋ. ಹೊಸದರಲ್ಲಿ ಅಗಸ ಎತ್ತಿ ಎತ್ತಿ ಒಗೆದನಂತೆ. ಮೊದಲ ದೀಪಾವಳಿಯ ಅಳಿಯನಿಗೆ ಸಿಗುವ ಎಣ್ಣೆನೀರಿನ ವೈಭವ ಎರಡನೆಯ ದೀಪಾವಳಿಯ ಹೊತ್ತಿಗೆ ಎಷ್ಟು ಸೊರಗುತ್ತದೆಂಬುದನ್ನು ನಂಜನಗೂಡಿನ ಮಾವನ ಮನೆಯಲ್ಲಿ ಸ್ವತಃ ಕಂಡುಂಡಿದ್ದ ನಾನು, ಈ ಅನಿತ್ಯ ಪ್ರೀತಿಗೆ ನಿತ್ಯಪರಿಹಾರವೊಂದನ್ನು ಶೋಧಿಸಿದೆ: ಎಲ್ಲಿಯೂ ಹಳಬನಾಗದೆ, ಬ್ಯಾಂಕಿನಿಂದ ಬ್ಯಾಂಕಿಗೆ ಹೊಸ ಅಳಿಯನಾಗಿಯೇ ದಾಟುತ್ತಾ ಹೋಗುವುದು. ಲಕ್ಷ್ಮಿ ಚಂಚಲೆ ಎನ್ನುತ್ತಾರೆ. ನಮ್ಮಲ್ಲಿ ಲಕ್ಷ್ಮಿ ಪಾಪ ಸ್ಥಿರವಾಗಿಯೇ ಇದ್ದಳು, ಚಂಚಲನಾದವನು ನಾನು.

ಫುಟ್‌ಬಾಲ್ ವಿಶ್ವಕಪ್ಪಿನ ವರ್ಷವಂತೂ ನನ್ನ ಈ ಸಾಧನೆಯ ಸುಗ್ಗಿಕಾಲ. ಬೀದಿಬೀದಿಯಲ್ಲಿ ಬಾವುಟ, ಬ್ಯಾಂಕುಬ್ಯಾಂಕಿನಲ್ಲಿ ಚೆಂಡಿನ ಚಿತ್ರ, ಬೋನಸ್ಸಿನ ಜೊತೆಗೆ ಪಂದ್ಯದ ಟಿಕೆಟ್ಟು ಸಿಕ್ಕರೂ ಸಿಗಬಹುದೆಂಬ ಆಮಿಷ. ಆಫ್‌ಸೈಡ್ ಎಂದರೇನೆಂದು ಇಂದಿಗೂ ಅರಿಯದ ನಾನು ಆ ಚೀಟಿ ಎತ್ತುವ ಆಟಕ್ಕೂ ಭಕ್ತಿಯಿಂದ ಹೆಸರು ಕೊಟ್ಟೆ.

ಸಂಬಳ ಹೀಗೆ ಊರು ಬದಲಿಸಬೇಕಾದರೆ ಕಂಪನಿಯ ಪತ್ರ ಬೇಕು. ಅದನ್ನು ಕೊಡುವವರು ನಮ್ಮ ಕಚೇರಿಯ ಸಿಬ್ಬಂದಿ ವಿಭಾಗದ ಲೋಬೊ, ಉಡುಪಿ ಕಡೆಯವರು, ಇಲ್ಲಿಯ ವಾರದ ರಜೆಯಾದ ಶುಕ್ರವಾರ ತಪ್ಪದೆ ಅಬು ಹಮೂರಿನ ಇಗರ್ಜಿಗೆ ಹೋಗುವ ಸಜ್ಜನರು. ಮೊದಲ ಸಲ ನಗುತ್ತಾ ಕೊಟ್ಟರು. ಆಮೇಲಾಮೇಲೆ ನನ್ನನ್ನು ಬಾಗಿಲಲ್ಲಿ ಕಂಡೊಡನೆ ಕನ್ನಡಕ ತೆಗೆದು ಮೇಜಿನ ಮೇಲಿಡುತ್ತಿದ್ದರು.

"ಎಂತ ಮಾರಾಯ್ರೆ, ಪುನಃ ಬ್ಯಾಂಕಾ? ಹೆಂಡತಿ ಒಬ್ಳೇ ಇದ್ದಾಳಲ್ಲ ನಿಮಗೆ, ಅದೇ ದೊಡ್ಡ ಪುಣ್ಯ."

ಆ ಒಬ್ಬಳೇ ಹೆಂಡತಿ ವೀಣಾ ಆಗ ಬಸುರಿ. ವಿಶ್ವಕಪ್ಪು ನಡೆಯುವ ದಿನಗಳಲ್ಲೇ ಹೆರಿಗೆಯೆಂದು ವೈದ್ಯೆ ಹೇಳಿದ್ದರು. ನಾವು ಹೆಸರು ಬರೆಸಿದ್ದ ಆಸ್ಪತ್ರೆಯಲ್ಲಿ ಹೆರಿಗೆ ಕೋಣೆಯೊಳಗೆ ಗಂಡಸರಿಗೆ ಪ್ರವೇಶವಿಲ್ಲ, ಜೊತೆಗೊಬ್ಬ ಹೆಂಗಸು ಇರಬಹುದು. ಆ ಹೆಂಗಸು ಯಾರೆಂಬುದರಲ್ಲಿ ನಮಗೆ ಸಂದೇಹವಿರಲಿಲ್ಲ. ಅತ್ತೆಯವರು ನಂಜನಗೂಡಿನಲ್ಲಿ ಆಗಲೇ ಮೆಣಸಿನ ಪುಡಿ ಕುಟ್ಟಿಸಿ, ಬಾಣಂತಿ ಲೇಹ್ಯಕ್ಕೆ ಒಣಶುಂಠಿ ತಂದಿಟ್ಟು, ಪೆಟ್ಟಿಗೆ ತುಂಬತೊಡಗಿದ್ದರು. ಅಷ್ಟರಲ್ಲಿ ಸರ್ಕಾರದ ಪ್ರಕಟಣೆ ಬಂತು: ಪಂದ್ಯಾವಳಿಯ ನಿಮಿತ್ತ ನವೆಂಬರಿನಿಂದ ವಿಸಿಟ್ ವೀಸಾದವರಿಗೆ ದೇಶದೊಳಗೆ ಪ್ರವೇಶವಿಲ್ಲ. ಬರುವವರು ಅದಕ್ಕೆ ಮೊದಲೇ ಬಂದಿಳಿಯಬೇಕು. ಕಾಲವಿನ್ನೂ ಇತ್ತು. ನಾನು ನಿಶ್ಚಿಂತೆಯಿಂದ ಅರ್ಜಿ ಹಾಕಿದೆ.

ಅರ್ಜಿ ವಾಪಸು ಬಂತು. ಅಷ್ಟೇನೂ ದೊಡ್ಡ ಕಾರಣವಲ್ಲ. ಮನೆಯವರನ್ನು ಕರೆಸುವವನು ಇಲ್ಲಿ ಕೈತುಂಬ ಸಂಬಳ ತರುವ ಗೃಹಸ್ಥನೆಂಬುದಕ್ಕೆ ಬ್ಯಾಂಕಿನ ಸಾಕ್ಷ್ಯ ಬೇಕು. ಹಿಂದಿನ ಆರು ತಿಂಗಳು ತಪ್ಪದೆ ಸಂಬಳ ಬಂದು ಬಿದ್ದ ಒಂದು ಖಾತೆಯ ವಿವರ ಸಾಕು. ಖಾತೆಗಳ ಕೊರತೆ ನನಗಿರಲಿಲ್ಲ, ಕೊರತೆಯಿದ್ದದ್ದು ಆರು ತಿಂಗಳು ಒಂದೆಡೆ ಕುಳಿತ ಸಂಬಳದ್ದು. ಒಂದರಲ್ಲಿ ಎರಡು ತಿಂಗಳ ಸಂಬಳ, ಇನ್ನೊಂದರಲ್ಲಿ ಮೂರು ತಿಂಗಳದ್ದು, ಮತ್ತೊಂದರಲ್ಲಿ ಮೊನ್ನೆ ಮೊನ್ನೆ ಬಂದದ್ದು. ಯಾವ ಖಾತೆಯನ್ನು ತೆರೆದು ನೋಡಿದರೂ ನಾನು ಈಗಷ್ಟೇ ಕೆಲಸಕ್ಕೆ ಸೇರಿದವನು, ಇಲ್ಲವೇ ಕೆಲಸ ಕಳೆದುಕೊಂಡವನು. ಹತ್ತಾರು ವರ್ಷ ಇದೇ ಊರಿನ ಬಿಸಿಲಲ್ಲಿ ಕಪ್ಪಗಾದ ನಾನು ಕಾಗದದ ಮೇಲೆ ಎಲ್ಲಿಯೂ ನೆಲೆ ನಿಲ್ಲದ ಅಲೆಮಾರಿ. ಅತಿಯಾಸೆ ಗತಿಗೇಡು ಎಂದು ಶಾಲೆಯಲ್ಲಿ ಕಾಪಿ ಬರೆದದ್ದೇ ಬಂತು.

ವೀಣಾ ಬೈದಿದ್ದರೆ ಸಲೀಸಾಗಿತ್ತು. ಬೈಗುಳಕ್ಕೆ ಮರುಮಾತು ಹುಡುಕುವ ಕಲೆಯಲ್ಲಿ ನಾನು ಪಳಗಿದವನು. ಅವಳು ಅಂದದ್ದು ಇಷ್ಟೇ: "ಹಾಗಾದ್ರೆ ಒಳಗೆ ನಾನೊಬ್ಬಳೇನೇನ್ರೀ?"

ನನಗಂದು ಊಟ ಸೇರಲಿಲ್ಲ. ಅಂಥ ಹೊತ್ತಿನಲ್ಲೇ ಫೋನು ಹೊಡೆದುಕೊಂಡು, ಅದುವರೆಗೆ ನಾನು ಕಾಲಿಡದ ಬ್ಯಾಂಕೊಂದರ ಹೆಣ್ಣುದನಿ, ತಾನು ಕೊಡಲಿರುವ ಬೋನಸ್ಸಿನ ಬಣ್ಣನೆಗೆ ತೊಡಗಿತು. ಜೀವನದಲ್ಲಿ ಮೊದಲ ಬಾರಿಗೆ ನಾನು ಮಾತಿನ ನಡುವೆಯೇ ಫೋನಿಟ್ಟೆ.

ಮರುದಿನ ಲೋಬೊ ಅವರ ಬಾಗಿಲಲ್ಲಿ ನಿಂತಾಗ ಅವರು ಅಭ್ಯಾಸಬಲದಿಂದ ಕನ್ನಡಕ ತೆಗೆದರು. ಸಂಗತಿ ಕೇಳಿದ ಮೇಲೆ ಮತ್ತೆ ಹಾಕಿಕೊಂಡರು. ಗೇಲಿ ಮಾಡುವುದಕ್ಕೆ ಇದಕ್ಕಿಂತ ಒಳ್ಳೆಯ ಅವಕಾಶ ಅವರಿಗೆ ಎಂದೂ ಸಿಕ್ಕಿರಲಾರದು, ಆದರೂ ಮಾಡಲಿಲ್ಲ.

"ಕೂತ್ಕೊಳ್ಳಿ ನೀವು. ಇಷ್ಟು ವರ್ಷದಿಂದ ಇಲ್ಲೇ ಇದ್ದೀರಿ ಅಂತ ಬ್ಯಾಂಕಿನವರು ಹೇಳದಿದ್ರೆ ನಾವು ಹೇಳುವ. ನಮಗೆ ಗೊತ್ತುಂಟಲ್ಲ."

ಈತ ಸೇರಿದಂದಿನಿಂದ ನಮ್ಮಲ್ಲೇ ಇದ್ದಾನೆ, ಒಂದು ತಿಂಗಳೂ ತಪ್ಪದೆ ಸಂಬಳ ಕೊಟ್ಟಿದ್ದೇವೆ, ಇಂತಿಂಥ ತಿಂಗಳು ಇಂತಿಂಥ ಬ್ಯಾಂಕಿಗೆ ಕಳಿಸಿದ್ದೇವೆ ಎಂದು ಕಂಪನಿಯ ಹೆಸರಿನಲ್ಲಿ ಬರೆದು, ಮ್ಯಾನೇಜರರ ಸಹಿ ಹಾಕಿಸಿ, ಮೊಹರು ಒತ್ತಿದರು. ಸರ್ಕಾರಿ ಕಚೇರಿಗಳಿಗೆ ಓಡಾಡುವ ನಮ್ಮ ಕಂಪನಿಯ ಸುಡಾನಿ ಪ್ರತಿನಿಧಿಯ ಕೈಗೆ ಅದನ್ನೂ ಎಲ್ಲ ಖಾತೆಗಳ ವಿವರಗಳನ್ನೂ ಕೊಟ್ಟು, "ಯಲ್ಲಾ, ಇವತ್ತೇ" ಎಂದು ಅರಬ್ಬಿ ಬೆರೆಸಿ ಅವಸರಪಡಿಸಿದರು. ನನ್ನ ಕಡೆ ತಿರುಗಿ, "ಇನ್ನು ಬ್ಯಾಂಕು ಖಲಾಸ್ ಅಲ್ವಾ?" ಎಂದರು. ನಾನು ತಲೆಯಾಡಿಸಿದೆ. ಬ್ಯಾಂಕುಗಳೆಲ್ಲ ಬರುವವನಿಗೆ ಬೋನಸ್ಸು ಕೊಡುತ್ತವೆ, ಇರುವವನಿಗೆ ಏನೂ ಇಲ್ಲವೆಂದು ಲೆಕ್ಕ ಹಾಕಿಕೊಂಡಿದ್ದ ನನಗೆ, ಇದ್ದವನಿಗೆ ಸಿಗುವುದೇನೆಂದು ಆ ಕುರ್ಚಿಯಲ್ಲಿ ಕುಳಿತಾಗ ಗೊತ್ತಾಯಿತು. ನಾನು ಇದ್ದೇನೆಂದು ಯಾರಿಗೋ ಗೊತ್ತಿರುತ್ತದೆ.

ವೀಸಾ ಬಂತು. ದೇಶದ ಬಾಗಿಲು ಮುಚ್ಚುವುದಕ್ಕೆ ಕೆಲವೇ ದಿನ ಮೊದಲು ಅತ್ತೆಯವರು ಪೆಟ್ಟಿಗೆಗಳೊಡನೆ ಬಂದಿಳಿದು, "ಏನ್ ಅಳಿಯಂದ್ರೇ, ಮನೆ ತುಂಬ ಕೊಡೆ! ಇಲ್ಲೂ ಮಳೆನಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಅಡಿಗೆಮನೆ ಸೇರಿದರು.

ವೀಣಾಳಿಗೆ ನೋವು ಕಾಣಿಸಿಕೊಂಡ ಸಂಜೆ ಯಾವುದೋ ದೊಡ್ಡ ಪಂದ್ಯ. ಆಸ್ಪತ್ರೆಯ ಹೊರಕೋಣೆಯ ಟೀವಿಯ ಮುಂದೆ ಹತ್ತು ದೇಶಗಳ ಗಂಡಂದಿರು ಕುಳಿತಿದ್ದರು. ಯಾರೂ ಚೆಂಡು ನೋಡುತ್ತಿರಲಿಲ್ಲ. ಬಾಗಿಲು ಆಗಾಗ ತೆರೆದಾಗ ಒಳಗಿನ ಕೂಗು ಕೇಳುತ್ತಿತ್ತು. ಅರಬ್ಬಿಯಲ್ಲೋ ಮಲಯಾಳದಲ್ಲೋ ಹಿಂದಿಯಲ್ಲೋ, ಎಲ್ಲರೂ ಕರೆಯುತ್ತಿದ್ದುದು ತಾಯಿಯನ್ನೇ. ತಾಯಂದಿರು ಬಹುಪಾಲು ಸಮುದ್ರದಾಚೆ ಇದ್ದರು. ಅದರ ನಡುವೆ ವೀಣಾಳ ದನಿ ಕೇಳಿಸಿತು, "ಅಮ್ಮಾ." ನಾನು ಎದ್ದು ನಿಂತೆ. ಮರುಕ್ಷಣವೇ ಒಳಗಿನಿಂದ ನಂಜನಗೂಡಿನ ಗಟ್ಟಿ ಗಂಟಲು ಓಗೊಟ್ಟಿತು: "ಓ, ಇಲ್ಲೇ ಇದೀನಿ ಕಣೇ."