ಅಸಲು ಕಾಯುವ ಖಜಾಂಚಿ
ನಮ್ಮ ಕಿವುಡ ಮಕ್ಕಳ ಶಾಲೆಯ ಖಜಾಂಚಿಗೆ ನಾವಿಟ್ಟ ಹೆಸರು ಅಸಲಪ್ಪ. ದಾನಿಗಳು ಕೊಟ್ಟ ಶಾಶ್ವತ ನಿಧಿ ಬ್ಯಾಂಕಿನಲ್ಲಿದೆ. ಅದರ ಬಡ್ಡಿಯಲ್ಲೇ ಶಾಲೆ ನಡೆಯಬೇಕು. ಸಭೆಯಲ್ಲಿ ಯಾರಾದರೂ ಗಂಟಲು ಸರಿಮಾಡಿಕೊಂಡರೆ ಸಾಕು, "ಅಸಲು ಮುಟ್ಟೋ ಹಾಗಿಲ್ಲ" ಎಂದುಬಿಡುತ್ತಾರೆ ಅಸಲಪ್ಪ. ಪಾಪ, ಗಂಟಲು ಸರಿಮಾಡಿಕೊಂಡವರು ಕೇಳಹೊರಟದ್ದು ಕುಡಿಯುವ ನೀರು. ಫ್ಯಾನು ಕೆಟ್ಟಾಗ ಅಧ್ಯಕ್ಷರಿಗೆ ಕಿಟಕಿ ಪಕ್ಕದ ಕುರ್ಚಿ ತೋರಿಸಿದರು. ಬಿಸ್ಕತ್ತನ್ನು ಮುರಿದೇ ಹಂಚುತ್ತಾರೆ. ಒಮ್ಮೆ ಅಧ್ಯಕ್ಷರು ರೇಗಿ, "ಅದೇನು ನಿಮ್ಮಪ್ಪನ ಮನೆ ಗಂಟೇನ್ರೀ?" ಅಂದರು. "ನಮ್ಮಕ್ಕ ಓದ್ತಿದ್ದ ಕಿವುಡರ ಶಾಲೆಯವರು ಅಸಲು ತಿಂದು ಬಾಗಿಲು ಹಾಕಿದ್ರು ಸಾರ್," ಎಂದರು ಅಸಲಪ್ಪ. "ಅರ್ಧ ಕೈಭಾಷೆ ಕಲಿತು ಮನೆಗೆ ಬಂದ್ಲು. ಮನಸ್ಸಲ್ಲಿರೋದನ್ನ ಪೂರ್ತಿ ಹೇಳ್ಕೊಳ್ಳೋಕೆ ಇವತ್ತಿಗೂ ಅವಳಿಗೆ ಮಾತು ಸಾಲಲ್ಲ." ಈ ವರ್ಷ ಶಾಲೆಯವರ ಸಾಮರ್ಥ್ಯ ವರ್ಧನೆಗೆಂದು ಅನುದಾನ ಬಂದಾಗ, ಕೈಭಾಷೆ ತರಬೇತಿಗೆ ಎಲ್ಲರಿಗಿಂತ ಮೊದಲು ಹೆಸರು ಬರೆಸಿದವರು ಅಸಲಪ್ಪನವರೇ. "ಈ ವಯಸ್ಸಲ್ಲಿ ನಿಮಗ್ಯಾಕ್ರೀ?" ಎಂದರೆ, "ಮನೇಲಿ ಒಬ್ಳು ವಿದ್ಯಾರ್ಥಿನಿ ಕಾಯ್ತಿದಾಳೆ" ಎಂದರು. ಈಗ ಸಂಜೆ ಅವರ ಮನೆ ಮುಂದೆ ಹೋದರೆ ಅಕ್ಕ ತಮ್ಮ ಮೆಟ್ಟಿಲ ಮೇಲೆ ಕೂತು ಕೈ ಬೀಸಿ ಬೀಸಿ ಜಗಳವಾಡುತ್ತಿರುತ್ತಾರೆ. ಅಕ್ಕ ಒಮ್ಮೆ ಶುರುಮಾಡಿದರೆ ನಿಲ್ಲಿಸುವುದೇ ಇಲ್ಲ.