ಭಟ್ಟಿ ಒಡೆದ ಮೇಲೆ

ಶಹಾಬಾದಿನ ನಮ್ಮ ಓಣಿಯಲ್ಲಿ ಅಣ್ಣನ ಬೇಕರಿ. ಗಂಡ ತೀರಿಕೊಂಡ ಮೇಲೆ ನಾನು ದಂಡೋತಿಯಿಂದ ತವರಿಗೆ ಬಂದು ಅಲ್ಲೇ ಹಿಟ್ಟು ನಾದುತ್ತಿದ್ದೆ. ಅಣ್ಣ ಭಟ್ಟಿಗೆ ಜಾಲಿ ಕಟ್ಟಿಗೆ ಒಟ್ಟುತ್ತಿದ್ದ. ಮಳೆಗಾಲದಲ್ಲಿ ಕಟ್ಟಿಗೆ ಹತ್ತದಿದ್ದರೆ ಹಳೆಯ ಟೈರಿನ ತುಂಡು ಹಾಕುತ್ತಿದ್ದ. ಆ ಕರಿ ಹೊಗೆ ನೇರ ಹಿಂದಿನ ಮನೆಗೆ ನುಗ್ಗುತ್ತಿತ್ತು. ಅಲ್ಲಿ ಕನ್ನಡ ಶಾಲೆಯ ಟೀಚರು ಬಾಡಿಗೆಗಿದ್ದರು. ಅವರಿಗೆ ಉಬ್ಬಸ.

ಒಮ್ಮೆ ಮೂಗಿಗೆ ಸೆರಗು ಹಿಡಿದು ಬಂದರು. "ಭಾಯಿ, ಟೈರ್ ಒಂದರೆ ಬಿಡ್ರಿ. ಉಸುರು ಸಿಕ್ಕಂಗಾಗ್ತದ."

ಅಣ್ಣ ರಸ್ತೆಯತ್ತ ಕೈ ಮಾಡಿದ. ಎದುರಿನ ಬೇವಿನ ಮರ ಪಾಲಿಶ್ ಶೆಡ್ಡುಗಳ ಕಲ್ಲಿನ ಪುಡಿ ಕೂತು ಬಿಳಿಚಿತ್ತು. "ಊರೆಲ್ಲಾ ಧೂಳು ಕುಡ್ಯಾಕತ್ತದ. ನಿಮಗ ನನ್ನ ಭಟ್ಟಿ ಒಂದೇ ಕಾಣ್ತದೇನ್ರಿ?"

ಅವರು ಜಗಳಕ್ಕೆ ನಿಲ್ಲಲಿಲ್ಲ. ಕೆಲವು ತಿಂಗಳ ಮೇಲೆ ತಾವೇ ಒಂದು ಸುದ್ದಿ ತಂದರು. ಊರಿನ ಹೊಗೆ ಕಡಿಮೆ ಮಾಡಲು ಸರ್ಕಾರ ಸಹಾಯಧನ ಕೊಡುತ್ತದಂತೆ, ಕಟ್ಟಿಗೆ ಭಟ್ಟಿ ತೆಗೆದು ಗ್ಯಾಸಿನದು ಹಾಕಿಸಬಹುದಂತೆ. ಅರ್ಜಿ ಕೊಡಲು ಅಣ್ಣನನ್ನು ಕಲಬುರಗಿಗೂ ಕರೆದೊಯ್ದರು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಅವರು ಏದುಸಿರು ಬಿಡುವುದನ್ನು ಹಿಂದಿನ ಸೀಟಿನಲ್ಲಿ ಕೂತು ಕೇಳಿದ ಅಣ್ಣ ಮತ್ತೆ ಟೈರ್ ಮುಟ್ಟಲಿಲ್ಲ.

ಮಂಜೂರಾಯಿತು. ನೋಡಲು ಬಂದ ಸಾಹೇಬರು, "ಮೊದಲ ಹಳೇದು ಒಡೀರಿ. ಆಮ್ಯಾಲೆ ಹೊಸಾದು" ಅಂದರು.

ಅದು ಅಪ್ಪ ಕಟ್ಟಿದ ಭಟ್ಟಿ. ಕೂಲಿಯವರನ್ನು ಕರೆಯದೆ ಅಣ್ಣನೇ ಸುತ್ತಿಗೆ ಹಿಡಿದ. ಒಳಗಿನ ಇಟ್ಟಿಗೆಗಳು ಇನ್ನೂ ಬೆಚ್ಚಗಿದ್ದವು.

ಹೊಸದು ಬರಲಿಲ್ಲ. ಕೇಳಲು ಹೋದಾಗಲೆಲ್ಲ, ಅನುದಾನ ಮೇಲಿಂದ ಬಂದಿಲ್ಲ, ಮತ್ತೆ ಕಟ್ಟಿಗೆ ಭಟ್ಟಿ ಕಟ್ಟಿದರೆ ಮಂಜೂರಾತಿ ರದ್ದಾಗುತ್ತದೆ ಎನ್ನುತ್ತಿದ್ದರು. ಪಾವ್ ಒಯ್ಯುತ್ತಿದ್ದ ಹೋಟೆಲಿನವರು ಬೇರೆ ಬೇಕರಿ ಹಿಡಿದರು. ಅಣ್ಣ ಕಲ್ಲು ಪಾಲಿಶ್ ಮಾಡುವ ಶೆಡ್ಡಿಗೆ ಕೂಲಿಗೆ ಹೋಗತೊಡಗಿದ. ಸಂಜೆ ರೆಪ್ಪೆಯವರೆಗೂ ಬೆಳ್ಳಗಾಗಿ ಬರುತ್ತಿದ್ದ. ಕೆಮ್ಮು ಶುರುವಾಯಿತು.

ಟೀಚರು ಒಂದು ದಿನ ಬಾಗಿಲಲ್ಲೇ ನಿಂತು ಅತ್ತರು. "ನಾನೇ ನಿಮ್ಮ ಅನ್ನ ಕಸಗೊಂಡೆನ್ರಿ."

"ಹೊಗಿ ನಿಂತದಲ್ಲ? ನೀವು ಚಲೋ ಉಸುರಾಡಾಕತ್ತೀರಿ," ಅಂದ ಅಣ್ಣ. ಹೇಳಿದ್ದು ನಿಜವೇ. ಅವರ ಮುಖಕ್ಕೆ ಬಣ್ಣ ಬಂದಿತ್ತು.

ಹಳೆಯದನ್ನು ಒಡೆದ ಮೇಲಿನ ಎರಡನೆಯ ಬೇಸಿಗೆಯಲ್ಲಿ ಹೊಸ ಭಟ್ಟಿ ಬಂತು, ತಳತಳ ಹೊಳೆಯುತ್ತಿತ್ತು. ಓಣಿಯವರೆಲ್ಲ ನೋಡಲು ಬಂದರು. ಅಣ್ಣ ಮೊದಲ ತಟ್ಟೆ ಎತ್ತಿದವನು ಅರ್ಧಕ್ಕೇ ಗೋಡೆ ಹಿಡಿದು ನಿಂತ. ನಾನು ಓಡಿ ಹೋಗಿ ತಟ್ಟೆ ತೆಗೆದುಕೊಂಡೆ. ದವಾಖಾನೆಯಲ್ಲಿ ಡಾಕ್ಟರು ಎದೆಯ ಫೋಟೋ ನೋಡಿ, ಹಳೆಯ ಹೊಗೆಯ ಮೇಲೆ ಕಲ್ಲಿನ ಪುಡಿ ಕೂತಿದೆ, ಇನ್ನು ತೆಗೆಯಲಿಕ್ಕಾಗುವುದಿಲ್ಲ ಎಂದರು.

ಈಗ ಬೇಕರಿ ನಡೆಸುವವಳು ನಾನು. ಅಣ್ಣ ಒಳಗಿನ ಕೋಣೆಯಲ್ಲಿ ಕೂತೇ ನಿದ್ದೆ ಮಾಡುತ್ತಾನೆ. ಅಡ್ಡಾದರೆ ಉಸಿರು ಕಟ್ಟುತ್ತದೆ. ಶಾಲೆ ಬಿಟ್ಟ ಮೇಲೆ ಟೀಚರು ಬಂದು, ತಾವು ಉಬ್ಬಸಕ್ಕೆ ಬಳಸುವಂಥದೇ ಔಷಧಿಯ ಪಂಪು ಹೇಗೆ ಎಳೆಯಬೇಕೆಂದು ಎದುರು ಕೂತು ಕಲಿಸುತ್ತಾರೆ.

"ಹಗೂರ ಎಳೀರಿ, ಭಾಯಿ. ತಡೀರಿ. ಈಗ ಬಿಡ್ರಿ."

ಅವನಿಗೆ ಇನ್ನೂ ಸರಿಯಾಗಿ ಬರುವುದಿಲ್ಲ.